ಸಂಬಳ ಎಷ್ಟು ಅಂತ ಕೇಳಿದ್ದು ಸಾಕು, ಬೇಸಿಕ್ ಎಷ್ಟು ಅಂತ ಕೇಳಿ

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ಸಭೆ ಮುಗಿದು ಎಲ್ಲರೂ ಊಟದ ಸಾಲಿನಲ್ಲಿದ್ದಾಗ, ಶಿವಮೊಗ್ಗ ಕಡೆಯ ಹುಡುಗಿಯೊಬ್ಬಳು ನಾಲ್ಕು ಮಡಿಕೆ ಮಾಡಿದ ಹಾಳೆಯೊಂದನ್ನು ಪರ್ಸಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಶಾರ್ಜಾದ ಖಾಸಗಿ ಶಾಲೆಯೊಂದರಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿದ್ದಾಳೆ, ಈಗ ಮದುವೆ ಅಂತ ಊರಿಗೆ ಹೊರಟಿದ್ದಾಳೆ. ಅದು ಶಾಲೆಯವರು ಕೊಟ್ಟ ಕೊನೆಯ ಲೆಕ್ಕದ ಹಾಳೆ. ಗ್ರಾಚ್ಯುಟಿ ಅನ್ನುವ ಸಾಲಿನ ಎದುರು 3,150 ದಿರ್ಹಮ್ ಅಂತಿತ್ತು. ಅವಳು ಮನಸ್ಸಿನಲ್ಲಿ ಎಣಿಸಿಕೊಂಡಿದ್ದು 9,450. ಆ ದುಡ್ಡಿಗೆ ಊರಲ್ಲಿ ಒಡವೆ ಅಂಗಡಿಯವರಿಗೆ ಮಾತೂ ಕೊಟ್ಟಾಗಿತ್ತು. "ಮೋಸ ಮಾಡಿದ್ದಾರೆ ಅಲ್ವಾ ಮೇಡಂ?" ಅಂದಳು. ಎರಡು ಸಲ ಲೆಕ್ಕ ಹಾಕಿದೆ. ಮೋಸ ಇಲ್ಲ. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ. ಶಾಲೆಯವರು ಕಾನೂನಿನಂತೆ ಒಂದು ಫಿಲ್ಸ್ ಕೂಡ ಬಿಡದೆ ಕೊಟ್ಟಿದ್ದಾರೆ. ಅವಳು ನಷ್ಟ ಮಾಡಿಕೊಂಡಿದ್ದು ಮೂರು ವರ್ಷದ ಹಿಂದೆ, ಸಹಿ ಹಾಕಿದ ದಿನ.

ಅವಳ ಸಂಬಳ ತಿಂಗಳಿಗೆ 4,500. ಒಪ್ಪಂದದಲ್ಲಿ ಅದನ್ನು ಒಡೆದಿದ್ದು ಹೀಗೆ: ಬೇಸಿಕ್ 1,500, ಮನೆ ಬಾಡಿಗೆಗೆ 1,800, ಓಡಾಟಕ್ಕೆ 500, 'ಇತರೆ' 700. ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದು ಅದೇ 4,500 ಆದ್ದರಿಂದ ಆ ಒಡಕನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಇಲ್ಲಿ ಎಮಿರೇಟ್ಸ್‌ನ ಕಾರ್ಮಿಕ ಕಾನೂನು ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷದ ಮಟ್ಟಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಂದು ವರ್ಷ ತುಂಬದಿದ್ದರೆ ಏನೂ ಇಲ್ಲ. ಅವಳ ದಿನದ ಬೇಸಿಕ್ 50 ದಿರ್ಹಮ್, ಮೂರು ವರ್ಷಕ್ಕೆ 63 ದಿನ, ಆಯಿತು 3,150. ಅದೇ 4,500ರಲ್ಲಿ ಬೇಸಿಕ್ 2,700 ಅಂತ ಬರೆಸಿಕೊಂಡಿದ್ದರೆ 5,670 ಬರುತ್ತಿತ್ತು. ಶಾಲೆ ತಿಂಗಳಿಗೆ ಒಂದು ದಿರ್ಹಮ್ ಕೂಡ ಹೆಚ್ಚು ಕೊಡಬೇಕಿರಲಿಲ್ಲ, ಹಾಳೆಯ ಮೇಲಿನ ಅಂಕಿ ಆಚೀಚೆ ಆಗಿದ್ದರೆ ಸಾಕಿತ್ತು. ಎಲೆ ತುಂಬ ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಬಡಿಸಿ ಅನ್ನ ಮಾತ್ರ ಒಂದು ಹಿಡಿ ಹಾಕಿದ ಹಾಗೆ ಈ ಸಂಬಳ. ನೋಡಲು ಎಲೆ ತುಂಬಿರುತ್ತದೆ, ಹೊಟ್ಟೆ ತುಂಬುವುದಿಲ್ಲ.

ಬೇಸಿಕ್ ಕಡಿಮೆಯಾದರೆ ಹೋಗುವುದು ಗ್ರಾಚ್ಯುಟಿ ಒಂದೇ ಅಲ್ಲ. ಬಿಡುವಾಗ ಉಳಿದ ರಜೆಗೆ ದುಡ್ಡು ಕೊಡುವುದೂ ಬೇಸಿಕ್ ಲೆಕ್ಕದಲ್ಲೇ. 2023ರ ಜನವರಿಯಿಂದ ಎಲ್ಲರಿಗೂ ಕಡ್ಡಾಯವಾದ ನಿರುದ್ಯೋಗ ವಿಮೆ ಇದೆಯಲ್ಲ, ತಿಂಗಳಿಗೆ 5 ದಿರ್ಹಮ್ ಕಟ್ಟುವುದು, ಅದರಲ್ಲೂ ಸಿಗುವುದು ಬೇಸಿಕ್‌ನ ಶೇಕಡ 60, ಅದೂ ಹೆಚ್ಚೆಂದರೆ ಮೂರು ತಿಂಗಳು. 1,500 ಬೇಸಿಕ್ ಇರುವವರ ಕೆಲಸ ಹೋದರೆ ತಿಂಗಳಿಗೆ 900. ಅಲ್ ನಹ್ದಾ ಬಡಾವಣೆಯಲ್ಲಿ ಅಷ್ಟಕ್ಕೆ ಹಂಚಿಕೊಂಡ ರೂಮು ಸಿಕ್ಕರೆ ಪುಣ್ಯ. ಅಂದ ಹಾಗೆ ಈ ವಿಮೆ ಮಾಡಿಸದಿದ್ದರೆ 400 ದಿರ್ಹಮ್ ದಂಡ. ಮಾಡಿಸಿಕೊಳ್ಳುವುದು ನಿಮ್ಮ ಜವಾಬ್ದಾರಿ, ಶಾಲೆಯದ್ದಲ್ಲ.

ಬೇಸಿಕ್ ಇಷ್ಟು ಪಾಲು ಇರಲೇಬೇಕು ಅಂತ ಕಾನೂನು ಎಲ್ಲೂ ಹೇಳಿಲ್ಲ. ಆದ್ದರಿಂದ ಕೇಳಬೇಕಾದವರು ನೀವೇ. ನಮ್ಮವರಿಗೆ ಇದು ಕಷ್ಟ ಅಂತ ನನಗೆ ಗೊತ್ತು. ಕ್ಲಾಸಿನಲ್ಲಿ ನಲವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವವರು ಎಚ್‌ಆರ್ ಮೇಜಿನ ಮುಂದೆ "ನೀವು ಹೇಗೆ ಹೇಳ್ತೀರೋ ಹಾಗೆ ಸರ್" ಅಂದು ಎದ್ದು ಬರುತ್ತಾರೆ. ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂದರೆ ಇದೇ. ಒಟ್ಟು ಸಂಬಳ ಏರಿಸಿ ಅಂದರೆ ಅವರು "ಮ್ಯಾನೇಜ್‌ಮೆಂಟ್ ಒಪ್ಪಲ್ಲ" ಅಂತ ಒಂದೇ ಉಸಿರಿಗೆ ಹೇಳುತ್ತಾರೆ. "ಒಟ್ಟು ಅಷ್ಟೇ ಇರಲಿ, ಬೇಸಿಕ್ ಅರವತ್ತು ಪರ್ಸೆಂಟ್ ಮಾಡಿ ಕೊಡಿ" ಅಂದರೆ ಕೊಂಚ ಯೋಚಿಸುತ್ತಾರೆ. ಅರವತ್ತು ಕೇಳಿದರೆ ಐವತ್ತಕ್ಕಾದರೂ ಬರುತ್ತಾರೆ. ಕೇಳಲು ಸರಿಯಾದ ಹೊತ್ತು ಯಾವುದು ಅಂದರೆ, ಶಾಲೆಗೆ ನಿಮ್ಮ ಅವಸರ ಇರುವ ಹೊತ್ತು. ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಬ್ರಿಟಿಷ್ ಮತ್ತು ಅಮೆರಿಕನ್ ಶಾಲೆಗಳು ಆಗಸ್ಟ್ ಕೊನೆಗೆ. ಮಾರ್ಚ್ ನಡುವಲ್ಲಿ ಇನ್ನೂ ಇಂಗ್ಲಿಷ್ ಟೀಚರ್ ಸಿಕ್ಕದ ಶಾಲೆಯ ಹತ್ತಿರ ನೀವು ಮಾತಾಡುವ ರೀತಿಯೇ ಬೇರೆ ಇರಬೇಕು. ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಸೂಟ್‌ಕೇಸ್ ಕಟ್ಟಿ, ಅತ್ತೆ ಮನೆಯವರಿಗೆಲ್ಲ ಹೇಳಿಯಾದ ಮೇಲೆ ಚೌಕಾಸಿಗೆ ಕೂರಬೇಡಿ. ನಿಮ್ಮ ದನಿಯಲ್ಲೇ ಅವರಿಗೆ ಗೊತ್ತಾಗುತ್ತದೆ.

ಒಮ್ಮೆ ಸರಿಯಾಗಿ ಬರೆಸಿಕೊಂಡಿರಿ ಅಂತ ನಿಶ್ಚಿಂತೆಯಿಂದಲೂ ಇರಬೇಡಿ. ಮುಂದಿನ ವರ್ಷ ಇನ್‌ಕ್ರಿಮೆಂಟ್ ಅಂತ 200 ಕೊಡುತ್ತಾರೆ, ಅದು ಮೆಲ್ಲಗೆ 'ಸ್ಪೆಷಲ್ ಅಲವೆನ್ಸ್' ಅನ್ನುವ ಹೊಸ ಸಾಲಿಗೆ ಹೋಗಿ ಕೂರುತ್ತದೆ. ನಾನು ಎಂಟನೇ ತರಗತಿಯವರಿಗೆ ವಾಕ್ಯ ವಿಂಗಡಣೆ ಕಲಿಸುವ ಹಾಗೆ ನೀವು ಪ್ರತಿ ವರ್ಷ ಸಂಬಳದ ಚೀಟಿ ವಿಂಗಡಿಸಿ ನೋಡಬೇಕು. ಲೆಕ್ಕಕ್ಕೆ ಬರುವುದು ಕೊನೆಯ ಬೇಸಿಕ್ ಆದ್ದರಿಂದ ಹತ್ತು ವರ್ಷ ಇದ್ದವರಿಗೆ ಈ 200ರ ಜಾಗ ಸಣ್ಣ ವಿಷಯವಲ್ಲ.

ಇನ್ನೊಂದು ತೊಡಕು, ಎರಡು ಕಾಗದಗಳದ್ದು. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರುವ ನೇಮಕಾತಿ ಪತ್ರ ಒಂದು. ಮಾನವ ಸಂಪನ್ಮೂಲ ಸಚಿವಾಲಯದ ನಮೂನೆಯಲ್ಲಿ ಬರುವ ಆಫರ್ ಲೆಟರ್ ಇನ್ನೊಂದು. ಜಗಳ ಬಿದ್ದಾಗ ಎಲ್ಲರೂ ಮೊದಲು ತೆಗೆದು ನೋಡುವುದು ಎರಡನೆಯದು. ಸಚಿವಾಲಯದಲ್ಲಿ ನೋಂದಾಯಿಸುವ ಒಪ್ಪಂದ ಈ ಆಫರ್ ಲೆಟರ್‌ಗೆ ಹೊಂದಬೇಕು, ಬದಲಾದರೆ ಅದು ನಿಮಗೆ ಅನುಕೂಲವಾಗುವ ಬದಲಾವಣೆ ಮಾತ್ರ ಆಗಿರಬೇಕು. ಲೆಟರ್‌ಹೆಡ್ಡಿನಲ್ಲಿ 5,500 ಅಂತಲೂ ಸಚಿವಾಲಯದ ಪತ್ರದಲ್ಲಿ 3,800 ಅಂತಲೂ ಇದ್ದು, "ಉಳಿದದ್ದು ಕೈಯಲ್ಲಿ ಕೊಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ನಾಳೆ ಗಂಡ ಮಕ್ಕಳನ್ನು ಕರೆಸಿಕೊಳ್ಳಲು ಕುಟುಂಬ ವೀಸಾಕ್ಕೆ ಹೋದಾಗ ತಿಂಗಳಿಗೆ 4,000, ಅಥವಾ ಶಾಲೆ ಮನೆ ಕೊಟ್ಟಿದ್ದರೆ 3,000 ಇದೆಯೇ ಅಂತ ನೋಡುತ್ತಾರೆ. ಕೈಯಲ್ಲಿ ಕೊಟ್ಟ ದುಡ್ಡು ಅಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಸಚಿವಾಲಯದ ಪತ್ರವನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಮಲಯಾಳ, ತಮಿಳು, ಹಿಂದಿಯಲ್ಲೂ ಓದುವ ಏರ್ಪಾಡು ಇದೆ. ಇಂಗ್ಲಿಷ್ ಟೀಚರುಗಳಾದ ನಮಗೆ ಭಾಷೆ ತೊಂದರೆಯಲ್ಲ. ಪೂರ್ತಿ ಓದುವ ತಾಳ್ಮೆ ಇಲ್ಲದಿರುವುದೇ ತೊಂದರೆ. ಮಕ್ಕಳಿಗೆ ಮಾತ್ರ "ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ" ಅಂತ ದಿನಾ ಹೇಳುತ್ತೇವೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ನೇಮಕಾತಿ ಮತ್ತು ವೀಸಾ ಖರ್ಚು ಶಾಲೆಯದ್ದು, ಸಂಬಳದಲ್ಲಿ ಕಂತಿನಂತೆ ಹಿಡಿಯುವ ಹಾಗಿಲ್ಲ. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ವಿಸಿಟ್ ವೀಸಾದಲ್ಲಿ ಬಂದು "ಪೇಪರ್ ಆಗ್ತಾ ಇದೆ, ನೀವು ಕ್ಲಾಸ್ ತಗೊಳ್ಳಿ" ಅಂದರೆ ಒಂದು ದಿನವೂ ತಗೊಳ್ಳಬೇಡಿ, ಅದು ಅಪರಾಧ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಆ ಅವಧಿಯಲ್ಲಿ ಇಲ್ಲೇ ಬೇರೆ ಶಾಲೆಗೆ ಹೋಗುವುದಾದರೆ ಒಂದು ತಿಂಗಳು, ದೇಶ ಬಿಟ್ಟು ಹೋಗುವುದಾದರೆ 14 ದಿನ ಮೊದಲು ಬರೆದು ಕೊಡಬೇಕು. ದುಬೈನಲ್ಲಿ ನಿಮ್ಮ ಆರೋಗ್ಯ ವಿಮೆ ಶಾಲೆಯ ಹೊಣೆ, ಮಕ್ಕಳದ್ದು ಅವರ ವೀಸಾ ಯಾರ ಹೆಸರಿನಲ್ಲಿದೆಯೋ ಅವರ ಹೊಣೆ. ವರ್ಷಕ್ಕೊಮ್ಮೆ ಊರಿನ ಟಿಕೆಟ್, ಮಕ್ಕಳ ಫೀಸಿನಲ್ಲಿ ರಿಯಾಯಿತಿ ಇವೆಲ್ಲ ಕಾನೂನು ಕೊಡಿಸುವುದಲ್ಲ, ನೀವು ಬರೆಸಿಕೊಂಡರೆ ಉಂಟು. ಟಿಕೆಟ್ ಒಬ್ಬರಿಗೋ ಮನೆಮಂದಿಗೋ, ವರ್ಷಕ್ಕೋ ಎರಡು ವರ್ಷಕ್ಕೋ, ಟಿಕೆಟ್ಟೋ ದುಡ್ಡೋ, ಎಲ್ಲ ಕೇಳಿ. ಹೊಸದಾಗಿ ಸೇರಿದವರಿಗೆ ಜುಲೈ, ಆಗಸ್ಟ್ ರಜೆಯ ಸಂಬಳ ಪೂರ್ತಿ ಇದೆಯೇ ಅನ್ನುವುದನ್ನೂ ಕೇಳಿ. ಇದನ್ನು ಕೇಳದೆ ಮೊದಲ ಬೇಸಿಗೆಯನ್ನು ಸಾಲದಲ್ಲಿ ಕಳೆದವರು ನಮ್ಮ ಕೂಟದಲ್ಲೇ ಇದ್ದಾರೆ.

ಡಿಗ್ರಿ ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು, ಕರ್ನಾಟಕದವರಿಗೇ ಅಂತ. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಇನಿಶಿಯಲ್ಲಾಗಿ ಮುದುಡಿಕೊಂಡಿರುತ್ತವೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ನಿಂತಿರುತ್ತವೆ. ಇಲ್ಲಿನ ಗುಮಾಸ್ತರಿಗೆ ಆ ಎರಡು ಹೆಸರೂ ಬೇರೆ ಬೇರೆ ಹೆಂಗಸರದ್ದು. ಎರಡೂ ಒಬ್ಬರದೇ ಅನ್ನುವ ಅಫಿಡವಿಟ್ ಊರಿನಲ್ಲೇ ಮಾಡಿಸಿಕೊಂಡು ಬನ್ನಿ. ಮತ್ತೆ, ಏಜೆಂಟರು ಅಪೋಸ್ಟಿಲ್ ಮುದ್ರೆ ಹಾಕಿಸಿ ಕೊಟ್ಟರೆ ನಂಬಬೇಡಿ. ಎಮಿರೇಟ್ಸ್ ಅಪೋಸ್ಟಿಲ್ ಒಪ್ಪಂದದಲ್ಲಿ ಇಲ್ಲ. ರಾಜ್ಯದ್ದು, ದೆಹಲಿಯ ವಿದೇಶಾಂಗ ಸಚಿವಾಲಯದ್ದು, ಎಮಿರೇಟ್ಸ್ ರಾಯಭಾರ ಕಚೇರಿಯದ್ದು, ಇಲ್ಲಿನ ವಿದೇಶಾಂಗ ಸಚಿವಾಲಯದ್ದು, ಹೀಗೆ ಸರಣಿಯಾಗಿ ದೃಢೀಕರಣ ಆಗಬೇಕು. ಮೂಲ ಪತ್ರಗಳನ್ನು ಶಾಲೆಯ ಆಫೀಸಿನಲ್ಲಿ ಬಿಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ.

ಸಂಬಳ ಸಾಲದೆ ಸಂಜೆ ಟ್ಯೂಷನ್ ಹೇಳುವವರಿಗೆ ಈಗ ದಾರಿ ಇದೆ. ಮೊದಲು ಅದು ಕದ್ದು ಮಾಡುವ ಕೆಲಸವಾಗಿತ್ತು, ಕರ್ಟನ್ ಎಳೆದು, ಮಕ್ಕಳ ಚಪ್ಪಲಿ ಒಳಗಿಡಿಸಿ ವ್ಯಾಕರಣ ಹೇಳಿಕೊಟ್ಟವರನ್ನು ನಾನು ಬಲ್ಲೆ. 2023ರ ಡಿಸೆಂಬರ್‌ನಿಂದ ಖಾಸಗಿ ಪಾಠದ ಪರವಾನಗಿ ಕೊಡುತ್ತಿದ್ದಾರೆ. ಶುಲ್ಕವಿಲ್ಲ, ಎರಡು ವರ್ಷ ನಡೆಯುತ್ತದೆ. ತೆಗೆದುಕೊಳ್ಳಿ, ಬಾಗಿಲು ತೆರೆದು ಪಾಠ ಹೇಳಿ.

ಕೂಟದ ಹಳಬರಿಗೂ ಒಂದು ವಿನಂತಿ. "ಐದು ವರ್ಷದೊಳಗೆ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಗೆ ಕತ್ತರಿ" ಅಂತ ಹೊಸಬರನ್ನು ಹೆದರಿಸುವುದು ನಿಲ್ಲಿಸಿ. ಅದು ಹಳೆಯ ಕಾನೂನು. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಹೊಸದರಲ್ಲಿ, ನೋಟಿಸ್ ಕೊಟ್ಟು ತಾನಾಗಿ ಬಿಟ್ಟವರಿಗೂ ಪೂರ್ತಿ ಲೆಕ್ಕ ಇದೆ. ಆ ಹೆದರಿಕೆಯಲ್ಲೇ ಆಗದ ಶಾಲೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತ ಹುಡುಗಿಯರಿದ್ದಾರೆ. ಒಪ್ಪಂದ ಮುಗಿದ 14 ದಿನದೊಳಗೆ ಬಾಕಿ ಎಲ್ಲ ಕೈಸೇರಬೇಕು. ಸೇರದಿದ್ದರೆ ಮಾನವ ಸಂಪನ್ಮೂಲ ಸಚಿವಾಲಯದ 80084ಕ್ಕೆ ಫೋನ್ ಮಾಡಿ ದೂರು ಕೊಡಬಹುದು. 50,000 ದಿರ್ಹಮ್ ಒಳಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಕೆಲಸ ಬಿಟ್ಟು ಎರಡು ವರ್ಷ ದಾಟಿದರೆ ಯಾರೂ ಕೇಳುವುದಿಲ್ಲ.

ಇಷ್ಟು ಓದಿಯೂ ಸಂಶಯವಿದ್ದರೆ ಆಫರ್ ಲೆಟರ್ ಹಿಡಿದುಕೊಂಡು ಶನಿವಾರದ ಕನ್ನಡ ತರಗತಿ ಬಿಟ್ಟ ಮೇಲೆ ನನ್ನ ಹತ್ತಿರ ಬನ್ನಿ, ಕೂತು ಸಾಲು ಸಾಲು ಓದೋಣ. ಆದರೆ ಸಹಿ ಹಾಕುವ ಮೊದಲು ಬನ್ನಿ. ಹಾಕಿದ ಮೇಲೆ ಬಂದರೆ ನಾನು ಮಾಡಬಹುದಾದದ್ದು ಒಂದು ಲೋಟ ಕಾಫಿ ಮಾತ್ರ.