ಪಂಪು ಬದಲಿಸುವ ಮೊದಲು

ಬಂಟ್ವಾಳ ಕಡೆಯ ಅಡಿಕೆ ತೋಟದವರಿಗೆ ಪಂಪಿನ ವಿಷಯದಲ್ಲಿ ಇರುವುದು ಒಂದೇ ಪ್ರಶ್ನೆ: "ಎಷ್ಟು ಎಚ್‌ಪಿ?" ನೀರು ಸಾಲದಿದ್ದರೆ ಮೂರು ತೆಗೆದು ಐದು ಹಾಕುವುದು, ಐದೂ ಸಾಲದಿದ್ದರೆ ಏಳೂವರೆ. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತ. ಹಾಗಾಗಿ ಯಾವ ಪಂಪು ಎಷ್ಟು ಯೂನಿಟ್ ತಿನ್ನುತ್ತದೆ ಎಂದು ಕೇಳುವ ಅಗತ್ಯವೇ ನಮಗೆ ಬೀಳಲಿಲ್ಲ. ವಿಟ್ಲದ ಹತ್ತಿರದ ನನ್ನ ತೋಟದಲ್ಲೂ ಅಪ್ಪನ ಕಾಲದಿಂದ ನಡೆದುಬಂದದ್ದು ಇದೇ ಪದ್ಧತಿ. ಅದನ್ನು ತಲೆಕೆಳಗು ಮಾಡಿದ್ದು ಮೂಡುಬಿದಿರೆಯಲ್ಲಿ ನನ್ನ ಭಾವ ಮನೆಯ ಹಿಂದೆ ಕಟ್ಟಿಸಿದ ಈಜುಕೊಳ.

ಹದಿನೆಂಟು ಬಸದಿ, ಹದಿನೆಂಟು ಕೆರೆಗಳ ಊರೆಂದು ಹೆಸರಾದ ಜಾಗದಲ್ಲಿ ಮನೆಗೊಂದು ಕೊಳ ಯಾಕೆಂದು ನಾನು ಕೇಳಿದ್ದುಂಟು. ಈಗಿನ ಮಕ್ಕಳನ್ನು ಕೆರೆಗೆ ಇಳಿಸುವ ಧೈರ್ಯ ಯಾರಿಗುಂಟು ಎಂದರು ಭಾವ. ಅದೂ ಸರಿಯೇ.

ಅವರ ಕೊಳ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ. ಅಂದರೆ 40,000 ಲೀಟರ್ ನೀರು. ಕಟ್ಟಿಸಿದವರು ಅದಕ್ಕೆ ಒಂದೂವರೆ ಎಚ್‌ಪಿ ಪಂಪು ಕೂರಿಸಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಪಂಪಿನ ಸೀಲು ಹೋಗಿ ನೀರು ಮೋಟಾರಿನೊಳಗೆ ಇಳಿದು ವೈಂಡಿಂಗ್ ಸುಟ್ಟಿತ್ತು. "ಎರಡು ಎಚ್‌ಪಿಯೇ ಹಾಕಿಬಿಡುವ ಭಾವ, ಒಂದೂವರೆಯಲ್ಲಿ ನೀರು ಹಸುರಾಗುವುದು ನಿಲ್ಲುವುದೇ ಇಲ್ಲ" ಎಂದು ಫೋನು ಬಂತು. ತೋಟದ ಪಂಪನ್ನು ಬಿಚ್ಚಿ ಜೋಡಿಸುವ ಅಭ್ಯಾಸ ಇದ್ದದ್ದರಿಂದ ಬಂಧುಗಳ ಮನೆಯ ಇಂಥ ಕೆಲಸಗಳೆಲ್ಲ ನನಗೇ ಬರುತ್ತವೆ.

ಅಲ್ಲಿ ಹೋಗಿ ನೋಡಿದರೆ ರೋಗ ಇದ್ದದ್ದು ಬೇರೆ ಕಡೆ. ಕೊಳದ ನೀರೆಲ್ಲ ಎಂಟು ಗಂಟೆಯಲ್ಲಿ ಒಮ್ಮೆ ಫಿಲ್ಟರ್ ಹಾದು ಬಂದರೆ ಮನೆಯ ಬಳಕೆಗೆ ಸಾಕು. ಹಾಗೆ ಲೆಕ್ಕ ಹಾಕಿದರೆ ಗಂಟೆಗೆ ಬೇಕಾದದ್ದು 5,000 ಲೀಟರ್. ಅವರ ಮರಳಿನ ಫಿಲ್ಟರ್ 500 ಮಿ.ಮೀ. ವ್ಯಾಸದ್ದು, ಗಂಟೆಗೆ ಹತ್ತು ಸಾವಿರ ಲೀಟರ್ ದಾಟಿದರೆ ಅದು ಸೋಸುವುದಿಲ್ಲ, ಮರಳಿನ ನಡುವೆ ದಾರಿ ಮಾಡಿಕೊಂಡು ನೀರು ಕೊಳೆಯನ್ನೂ ಜತೆಗೆ ಕೊಂಡೊಯ್ಯುತ್ತದೆ. ಒಂದೂವರೆ ಎಚ್‌ಪಿ ಪಂಪು ನೂಕುತ್ತಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ದೊಡ್ಡ ಪಂಪಿನಿಂದಲೇ ಫಿಲ್ಟರ್ ಕೆಲಸ ಕೆಟ್ಟಿತ್ತು. ಎರಡು ಎಚ್‌ಪಿ ಹಾಕಿದ್ದರೆ ಇನ್ನಷ್ಟು ಕೆಡುತ್ತಿತ್ತು.

ಪೈಪೂ ಹಾಗೆಯೇ. ಕೊಳದಿಂದ ಪಂಪಿಗೆ ಬರುವುದು 50 ಮಿ.ಮೀ. ಪಿವಿಸಿ, ನಡುವೆ ಎಲ್ಲಿ ನೋಡಿದರೂ ಎಲ್ಬೋ. ಅಷ್ಟೇ ನೀರು 63 ಮಿ.ಮೀ. ಪೈಪಿನಲ್ಲಿ ಹರಿದರೆ ಘರ್ಷಣೆಯಲ್ಲಿ ಕಳೆದುಹೋಗುವ ಒತ್ತಡ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ವ್ಯಾಸದ ಐದನೇ ಘಾತದ ಲೆಕ್ಕ ಅದು. ಸಪೂರದ ಪೈಪಿಗೆ ದೊಡ್ಡ ಪಂಪು ಕಟ್ಟುವುದೆಂದರೆ ಓಣಿಯಲ್ಲಿ ಲಾರಿ ನುಗ್ಗಿಸಿದ ಹಾಗೆ. ನೆಲದ ಮೇಲೆ ಕಾಣುವ ಸಕ್ಷನ್ ಪೈಪಿನಷ್ಟನ್ನು ಬದಲಿಸಿ, ಎಲ್ಬೋ ತೆಗೆದು ಬಾಗು ಬೆಂಡ್ ಹಾಕಿದೆವು. ನೆಲದಡಿಯದ್ದನ್ನು ಮುಟ್ಟಲಿಲ್ಲ, ಟೈಲ್ಸ್ ಒಡೆಯಲು ಅಕ್ಕ ಬಿಡಲಿಲ್ಲ.

ಆಮೇಲೆ ಪಂಪಿನ ಆಯ್ಕೆ. ವೇಗ ಬದಲಿಸಬಲ್ಲ ಪಂಪಿನ ಬಗ್ಗೆ ಭಾವ ಎಲ್ಲವನ್ನೂ ಓದಿಕೊಂಡಿದ್ದರು. ಮೋಟಾರಿನ ವೇಗ ಅರ್ಧಕ್ಕಿಳಿಸಿದರೆ ಬೇಕಾಗುವ ಶಕ್ತಿ ತತ್ತ್ವದಲ್ಲಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ 2021ರ ಜುಲೈಯಿಂದ ಜಾರಿಯಾದ ದಕ್ಷತೆಯ ನಿಯಮ ದೊಡ್ಡ ಕೊಳದ ಪಂಪುಗಳಲ್ಲಿ ಹೆಚ್ಚಿನವನ್ನು ಆ ಮಾದರಿಗೇ ತಳ್ಳಿದೆ. ತತ್ತ್ವಕ್ಕೆ ನನ್ನ ತಕರಾರಿಲ್ಲ. ಆದರೆ ಏಪ್ರಿಲ್ ಮೇ ತಿಂಗಳ ಸಿಡಿಲಿನ ಊರು ನಮ್ಮದು. ಮುರಕಲ್ಲಿನ ನೆಲದಲ್ಲಿ ಬೇಸಗೆಗೆ ಅರ್ತಿಂಗ್ ಗುಂಡಿ ಒಣಗಿ ಹೆಸರಿಗೆ ಮಾತ್ರ ಅರ್ತಿಂಗ್ ಆಗಿರುತ್ತದೆ. ಸಿಡಿಲಿಗೆ ಆ ಪಂಪಿನ ಎಲೆಕ್ಟ್ರಾನಿಕ್ ಬೋರ್ಡು ಹೋದರೆ ಹೊಸದು ಬರುವವರೆಗೆ ಕೊಳ ಪಾಚಿಗಟ್ಟುತ್ತದೆ. ಸಾದಾ ಮೋಟಾರಾದರೆ ಪೇಟೆಯ ವೈಂಡಿಂಗ್ ಅಂಗಡಿಯಲ್ಲೇ ಸರಿಯಾಗುತ್ತದೆ. ಅರ್ಧ ಎಚ್‌ಪಿಯ ಸಾದಾ ಪಂಪೇ ಸಾಕೆಂದೆ. ಉಳಿದ ದುಡ್ಡಿನಲ್ಲಿ ಅರ್ತಿಂಗ್ ಹೊಸದಾಗಿ ಮಾಡಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಮಕ್ಕಳು ಇಳಿಯುವ ನೀರಿಗೆ ತಾಗಿದ ಮೋಟಾರು ಅದು. ಈ ಒಂದು ಖರ್ಚಿನಲ್ಲಿ ಚೌಕಾಸಿ ಮಾಡುವವರ ಜತೆ ನಾನು ಕೆಲಸವನ್ನೇ ಮಾಡುವುದಿಲ್ಲ.

ಪಂಪಿನ ಎರಡೂ ಬದಿಗೆ ಯೂನಿಯನ್ ಹಾಕಿಸಿದ್ದು ಬೆಳ್ತಂಗಡಿಯ ಪಾಠ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆಯ ಗುಡ್ಡಗಳು ಜರಿದು ಹೊಳೆಗಳು ದಾರಿ ತಪ್ಪಿದಾಗ, ಅಲ್ಲಿನ ನಮ್ಮ ಬಂಧುಗಳ ಪಂಪ್‌ಶೆಡ್ಡು ಮರಳು ಕೆಸರಿನಲ್ಲಿ ಹೂತುಹೋಗಿತ್ತು. ಪೈಪನ್ನು ಅಂಟು ಹಾಕಿ ಕೂಡಿಸಿದ್ದರಿಂದ ಮಳೆ ಜೋರಾದಾಗ ಮೋಟಾರು ಬಿಚ್ಚಿ ಮೇಲೆ ತರಲು ಆಗಲಿಲ್ಲ. ಯೂನಿಯನ್ ಇದ್ದಿದ್ದರೆ ಇಬ್ಬರು ಸೇರಿ ಸ್ವಲ್ಪ ಹೊತ್ತಿನಲ್ಲಿ ಎತ್ತಿಡಬಹುದಿತ್ತು. ಕೆಸರು ಹೊಕ್ಕ ಮೋಟಾರಿಗೆ ಸ್ವಿಚ್ಚು ಒತ್ತಿ ನೋಡಬಾರದು. ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಮೆಗ್ಗರಿನಲ್ಲಿ ಇನ್ಸುಲೇಶನ್ ನೋಡಿ, ಬೇರಿಂಗ್ ಬದಲಿಸಿದ ಮೇಲೆಯೇ ಕರೆಂಟು.

ನೀರಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಕೊಳಕ್ಕೆ ಆಸಿಡ್ ಹಾಕಬೇಕೆಂದು ಬೇರೆ ಊರಿನ ಪುಸ್ತಕಗಳು ಹೇಳುತ್ತವೆ. ನಮ್ಮ ಮುರಕಲ್ಲು ಬಾವಿಗಳ ನೀರು ಹೆಚ್ಚಾಗಿ ಮೊದಲೇ ಹುಳಿ. ಅದಕ್ಕೆ ಬೇಕಾದದ್ದು ಸೋಡಾ ಆಶ್, ಪಿಎಚ್ 7.2ರಿಂದ 7.6ರೊಳಗೆ ನಿಲ್ಲುವಷ್ಟು. ಫಿಲ್ಟರ್ ತೊಳೆದ ಕೂಡಲೇ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಗೋಡೆಯ ಮೇಲೆ ಬರೆದಿಡಬೇಕು. ಅಲ್ಲಿಂದ ಎಂಟು ಹತ್ತು ಪಿಎಸ್ಐ ಏರಿದಾಗ ಬ್ಯಾಕ್‌ವಾಶ್.

ನೀರು ತಿಳಿಯಾಯಿತು. ಕರೆಂಟು ಬಿಲ್ಲೂ ಇಳಿಯಿತು, ಅದನ್ನು ಭಾವ ಕಾಣಿಸಿದಾಗ ನನಗೆ ನೆನಪಾದದ್ದು ನನ್ನ ತೋಟ. ಬಿಲ್ಲೇ ಬಾರದ ಪಂಪು ಎಷ್ಟು ಪೋಲು ಮಾಡುತ್ತದೆ ಎಂದು ನೋಡುವವರಾರು?

ಊರಿಗೆ ಬಂದವನೇ ಡೆಲಿವರಿ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು ಗಡಿಯಾರ ಹಿಡಿದೆ. ತುಂಬಲು 50 ಸೆಕೆಂಡು. ಸೆಕೆಂಡಿಗೆ ನಾಲ್ಕು ಲೀಟರ್, ಗಂಟೆಗೆ 14,400. ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಹೇಳುವಂತೆ ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ನನ್ನ 800 ಮರಗಳಿಗೆ 18ರಂತೆ ಹಿಡಿದರೂ 14,400 ಲೀಟರೇ. ಐದು ಎಚ್‌ಪಿ ಪಂಪು ಒಂದು ಗಂಟೆಯಲ್ಲಿ ಕೊಡುವ ನೀರನ್ನು ನಾವು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಸ್ಪ್ರಿಂಕ್ಲರಿನಲ್ಲಿ ಚೆಲ್ಲುತ್ತಿದ್ದೆವು. ಮಾರ್ಚಿನಲ್ಲಿ ಕೆರೆ ಬತ್ತಿತೆಂದು ಬೋರ್ ಕೊರೆಸುವ ಮಾತೂ ಆಡುತ್ತಿದ್ದೆವು. ಉಚಿತ ಕರೆಂಟಿಗೆ ನಾವು ಕೆರೆಯ ನೀರಿನಲ್ಲಿ ಬೆಲೆ ತೆರುತ್ತಿದ್ದೇವೆ ಎಂದು ನನಗನಿಸಿದ್ದು ಆಗ. ಇದನ್ನು ಸಭೆಯಲ್ಲಿ ಹೇಳಿದರೆ ಬೈಗಳು ತಿನ್ನಬೇಕಾದೀತು.

ಈಗ ತೋಟವನ್ನು ಎರಡು ಪಾಲು ಮಾಡಿ, ಪಾಲಿಗೊಂದು ವಾಲ್ವ್ ಇಟ್ಟು, ಹನಿ ನೀರಾವರಿಗೆ ಡಿಸ್ಕ್ ಫಿಲ್ಟರ್ ಹಾಕಿ, ಮೂರು ಎಚ್‌ಪಿ ಕೂರಿಸಿದ್ದೇನೆ. ನೆರೆಮನೆಯ ಹಿರಿಯರು ಶೆಡ್ಡಿಗೆ ಬಗ್ಗಿ ನೋಡಿ, "ಐದು ತೆಗೆದು ಮೂರು ಇಟ್ಟದ್ದಾ? ಎಂತ ಮಾರಾಯಾ!" ಎಂದರು. ಡ್ರಮ್ಮಿನ ಲೆಕ್ಕ ಹೇಳಿದೆ. ಪೂರ್ತಿ ಕೇಳಿದರು.

"ಏಪ್ರಿಲ್ ಬರಲಿ, ನೋಡುವ" ಎಂದು ಏಳೂವರೆ ಎಚ್‌ಪಿ ಚಾಲೂ ಮಾಡಲು ಹೋದರು.