ಟಿಕೆಟ್ ಬುಕ್ ಮಾಡುವವನ ಆರು ಪಾಠ

ತುಮಕೂರಿನಲ್ಲಿ ಕೂತು ವಿಮಾನದ ಟಿಕೆಟ್ ಮಾಡಿಕೊಡುವುದು ನನ್ನ ಕಸುಬು. 2023ರಿಂದ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೇ ಇದ್ದರೂ ನಮ್ಮ ಕಡೆಯವರು ವಿಮಾನ ಹತ್ತಲು ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೇ ಹೋಗಬೇಕು. ಬಂದವರು ಮೊದಲು ಕೇಳುವುದು, ‘ಎಷ್ಟೊತ್ತಾಗುತ್ತೆ ಸಾರ್?’

1. ಟಿಕೆಟ್‌ನಲ್ಲಿರುವುದೆಲ್ಲ ಹಾರಾಟದ ಹೊತ್ತಲ್ಲ. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು, ಇಳಿದ ಮೇಲೆ ನಿಲ್ಲಲು ಜಾಗ ಸೇರುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ಹಾಗಾಗಿ ದೂರ ಇಮ್ಮಡಿಯಾದರೂ ಸಮಯ ಇಮ್ಮಡಿಯಾಗದು. ಬೆಂಗಳೂರಿನಿಂದ ಮುಂಬೈ ಸುಮಾರು 830 ಕಿ.ಮೀ., ಒಂದೂಮುಕ್ಕಾಲು ಗಂಟೆ. ದೆಹಲಿ ಸುಮಾರು 1,700 ಕಿ.ಮೀ., ಮೂರು ಗಂಟೆಯೊಳಗೇ.

2. ಹೋಗುವ ಹೊತ್ತೇ ಬರುವ ಹೊತ್ತಲ್ಲ. ದುಬೈ 2,700 ಕಿ.ಮೀ. ಆಸುಪಾಸು. ಹೋಗಲು ನಾಲ್ಕು ಗಂಟೆ ಹಿಡಿದರೆ ಬರುವುದು ಸಾಮಾನ್ಯವಾಗಿ ಬೇಗ. ಮೇಲಿನ ಪಡುವಣ ಗಾಳಿ ಬರುವಾಗ ಹಿಂದಿನಿಂದ ತಳ್ಳುತ್ತದೆ.

3. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರ. ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ದುಬೈ ಎಂದಿದ್ದರೆ ಎರಡೂವರೆ ಗಂಟೆಯಲ್ಲ, ನಾಲ್ಕು ಗಂಟೆ. ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದೆ. ಅಲ್ಲಿಂದ 22ರ ರಾತ್ರಿ 10ಕ್ಕೆ ಹೊರಟ ಮಗ ಇಲ್ಲಿ ಇಳಿಯುವುದು 23ರ ನಸುಕಿಗೆ. ಕಾರು ಕಳಿಸುವವರು ದಿನಾಂಕ ನೋಡಿಕೊಳ್ಳಬೇಕು.

4. ಗೋಡೆಯ ನಕ್ಷೆಯಲ್ಲಿ ಅಳೆಯಬೇಡಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾರಿತ್ತು. ಸುಮಾರು 14,000 ಕಿ.ಮೀ., ಹೆಚ್ಚು ಕಡಿಮೆ 17 ಗಂಟೆ. ನಂಬದವರಿಗೆ ಮೇಜಿನ ಮೇಲಿನ ಗೋಳದಲ್ಲಿ ಎರಡೂ ಊರಿನ ನಡುವೆ ದಾರ ಬಿಗಿಹಿಡಿದು ತೋರಿಸುತ್ತೇನೆ. ದಾರ ತಾನಾಗಿಯೇ ಮೇಲಕ್ಕೆ, ಧ್ರುವದ ಕಡೆಗೆ ಸರಿಯುತ್ತದೆ.

5. ಲೆಕ್ಕ ಹಿಂದಿನಿಂದ ಹಾಕಿ. ದೇಶದೊಳಗೆ ಬೆಳಿಗ್ಗೆ 6ಕ್ಕೆ ಹೊರಡುವ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 5ಕ್ಕೇ ಮುಚ್ಚುತ್ತದೆ. 4ಕ್ಕೆ ಅಲ್ಲಿರಬೇಕು. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ತುಮಕೂರಿನವರು ರಾತ್ರಿ ಎರಡೂವರೆಗೆ ಹೊರಡಲಿ. ಗುಬ್ಬಿಯವರು, ನೆಲಮಂಗಲದ ಮೇಲೆ ಬರುವ ಕುಣಿಗಲ್‌ನವರು ಎರಡಕ್ಕೇ. ಹಗಲಲ್ಲಿ ಹೆಬ್ಬಾಳದ ಮೇಲೆ ಹೋಗುವುದಾದರೆ ಇನ್ನೊಂದು ಗಂಟೆ ಸೇರಿಸಿ.

6. ಕೆಲವು ಊರಿಗೆ ವಿಮಾನ ಬೇಡವೇ ಬೇಡ. ಮಂಗಳೂರಿಗೆ ವಿಮಾನ ಒಂದೇ ಗಂಟೆ, ನಿಜ. ಕುಣಿಗಲ್‌ನವರಿಗೆ ದೇವನಹಳ್ಳಿಗೆ ಎರಡು ಗಂಟೆ, ನಿಲ್ದಾಣದಲ್ಲಿ ಎರಡು, ಬಜ್ಪೆಯಲ್ಲಿ ಇಳಿದು ಊರೊಳಗೆ ಸೇರಲು ಒಂದು. ಒಟ್ಟು ಆರು. ಅಷ್ಟರಲ್ಲಿ ಕಾರು ಹಾಸನ, ಶಿರಾಡಿ ಘಾಟಿ ದಾಟಿ ಮಂಗಳೂರು ಮುಟ್ಟುವ ಹೊತ್ತಾಗಿರುತ್ತದೆ. ಗುಬ್ಬಿಯವರಿಗಂತೂ ಶಿವಮೊಗ್ಗಕ್ಕೆ ಊರ ಮುಂದೆಯೇ ಹೆದ್ದಾರಿ, ರೈಲು ಎರಡೂ ಇವೆ. ಅಂಥವರಿಗೆ ನಾನು ವಿಮಾನದ ಟಿಕೆಟ್ ಮಾಡುವುದಿಲ್ಲ. ಕಮಿಷನ್ ಹೋದರೂ ಮುಂದೆ ಮಗಳ ಊರಿಗೆ ಅಮೆರಿಕಕ್ಕೆ ಹೊರಟಾಗ ಅವರು ಹುಡುಕಿಕೊಂಡು ಬರುವುದು ನನ್ನ ಅಂಗಡಿಗೇ.