ಹತ್ತಿರದ ದಾರಿಯೂ ಊರಿನ ಹಿತವೂ

ಹಿಂದೆ ಹೊಸ ಊರಿಗೆ ಹೋದವನು ದಾರಿ ತಿಳಿಯಬೇಕಾದರೆ ಬೀದಿಯ ಮೂಲೆಯ ಅಂಗಡಿಯವನನ್ನೋ ಜಟಕಾ ಹೊಡೆಯುವವನನ್ನೋ ಕೇಳಬೇಕಾಗಿತ್ತು. ಅವರು ಹೇಳಿದ ದಾರಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಆ ದಾರಿಯಲ್ಲಿ ಎಷ್ಟು ಗಾಡಿಗಳು ನಿಂತಿವೆಯೆಂಬುದನ್ನು ಅವರು ಅರಿಯರು. ಇಂದು ಅಂಗೈಯಲ್ಲಿ ಅಡಗುವ ಫೋನು ದಾರಿಯನ್ನು ತೋರಿಸುವುದಲ್ಲದೆ, ವಾಹನಗಳು ಒತ್ತಿ ನಿಂತಿರುವ ರಸ್ತೆಯನ್ನು ಕೆಂಪು ಗೆರೆಯಿಂದ ಸೂಚಿಸುತ್ತದೆ. ಗುರಿಯನ್ನು ಸೇರಲು ಎಷ್ಟು ನಿಮಿಷ ಹಿಡಿಯುವುದೆಂಬುದನ್ನೂ ಹೇಳುತ್ತದೆ. ಬೆಂಗಳೂರಿನಂತಹ ನಗರದಲ್ಲಿ ಆಟೋ ಚಾಲಕನಿಂದ ಮೊದಲುಗೊಂಡು ಮನೆಮನೆಗೆ ಊಟದ ಪೊಟ್ಟಣಗಳನ್ನು ಮುಟ್ಟಿಸುವವರವರೆಗೆ ಅನೇಕರು ಇದನ್ನೇ ನೆಚ್ಚಿ ಸಂಚರಿಸುತ್ತಾರೆ. ಇದು ಹೇಗೆ ಸಾಧ್ಯವಾಗುತ್ತದೆ? ಪ್ರತಿಯೊಬ್ಬನಿಗೂ ಹತ್ತಿರದ ದಾರಿ ತಿಳಿದುಬಿಟ್ಟರೆ ಊರಿಗೆಲ್ಲ ಒಳ್ಳೆಯದಾಗುವುದೆ? ಈ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರ ಮಾಡೋಣ.

ನಾವಿರುವುದೆಲ್ಲಿ?

ದಾರಿಯನ್ನು ತೋರಿಸುವ ಮೊದಲು ಫೋನು ತಾನಿರುವ ಸ್ಥಳವನ್ನು ತಿಳಿದುಕೊಳ್ಳಬೇಕು. ಇದಕ್ಕೆ ನೆರವಾಗುವುವು ಭೂಮಿಯನ್ನು ಸುತ್ತುತ್ತಿರುವ ಉಪಗ್ರಹಗಳು. ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯ ಉಪಗ್ರಹಗಳು ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸಂಚರಿಸುತ್ತವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ ಇದೇ ಉದ್ದೇಶದ ತನ್ನ ಮೊದಲ ಉಪಗ್ರಹವನ್ನು ೨೦೧೩ರಲ್ಲಿ ಹಾರಿಸಿತು. ಇಂತಹ ಪ್ರತಿಯೊಂದು ಉಪಗ್ರಹವೂ “ನಾನು ಇಂಥ ಕಡೆ ಇದ್ದೇನೆ, ಈಗ ಸಮಯ ಇಷ್ಟು” ಎಂದು ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತದೆ. ಅಲೆ ಹೊರಟ ಸಮಯಕ್ಕೂ ಬಂದು ಮುಟ್ಟಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ದೊರೆಯುತ್ತದೆ. ಮೂರು ಉಪಗ್ರಹಗಳ ದೂರದಿಂದ ಸ್ಥಾನವನ್ನು ಗೊತ್ತುಮಾಡಬಹುದು. ಫೋನಿನ ಗಡಿಯಾರ ಅಷ್ಟು ನಿಖರವಲ್ಲದ ಕಾರಣ ಅದರ ತಪ್ಪನ್ನು ತಿದ್ದಲು ನಾಲ್ಕನೆಯದೊಂದು ಬೇಕಾಗುತ್ತದೆ.

ಬೆಳಕು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ಧಾವಿಸುತ್ತದೆ. ಆದುದರಿಂದ ಕಾಲದ ಅಳತೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಾದರೂ ದೂರದಲ್ಲಿ ೩೦೦ ಮೀಟರ್ ತಪ್ಪಾಗುತ್ತದೆ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನಿಟ್ಟಿರುವುದು ಇದಕ್ಕಾಗಿಯೇ. ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಐನ್‌ಸ್ಟೈನ್ ಮಹಾಶಯನ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಗುರುತ್ವ ಕಡಿಮೆಯಿರುವಲ್ಲಿ ಗಡಿಯಾರ ತ್ವರೆಯಾಗಿಯೂ ವೇಗವಾಗಿ ಚಲಿಸುವಾಗ ನಿಧಾನವಾಗಿಯೂ ನಡೆಯುತ್ತದೆ. ಎರಡೂ ಸೇರಿ ಉಪಗ್ರಹದ ಗಡಿಯಾರ ದಿನವೊಂದಕ್ಕೆ ಸೆಕೆಂಡಿನ ಹತ್ತು ಲಕ್ಷದ ೩೮ ಭಾಗದಷ್ಟು ಮುಂದೆ ಓಡುತ್ತದೆ. ಇದನ್ನು ಸರಿಪಡಿಸದಿದ್ದರೆ ದೂರದ ಲೆಕ್ಕ ಒಂದೇ ದಿನದಲ್ಲಿ ಸುಮಾರು ೧೧ ಕಿಲೋಮೀಟರಿನಷ್ಟು ತಪ್ಪುತ್ತಿತ್ತು! ಕೇವಲ ಪಂಡಿತರ ಚರ್ಚೆಯ ವಿಷಯವೆಂದು ಒಮ್ಮೆ ಭಾವಿಸಲಾಗಿದ್ದ ಸಿದ್ಧಾಂತ ಇಂದು ಆಟೋ ಚಾಲಕನಿಗೂ ಉಪಯೋಗಕ್ಕೆ ಬಂದಿದೆ.

ರಸ್ತೆಯ ಸುದ್ದಿ

ರಸ್ತೆಯಲ್ಲಿ ದಟ್ಟಣೆಯಿದೆಯೆಂಬುದನ್ನು ಉಪಗ್ರಹಗಳು ನೋಡಿ ಹೇಳುತ್ತವೆಯೆಂದು ಕೆಲವರ ಊಹೆ. ಇದು ಸರಿಯಲ್ಲ. ಸುದ್ದಿಯನ್ನು ಕೊಡುವವರು ನಾವೇ. ಚಲಿಸುತ್ತಿರುವ ಸಾವಿರಾರು ಫೋನುಗಳು ತಾವಿರುವ ಸ್ಥಳವನ್ನು ಆಗಾಗ್ಗೆ ಅಂತರ್ಜಾಲದ ಮೂಲಕ ದೂರದ ಗಣಕಯಂತ್ರಗಳಿಗೆ ತಿಳಿಸುತ್ತವೆ. ಒಂದು ರಸ್ತೆಯಲ್ಲಿ ಅನೇಕ ಫೋನುಗಳು ಆಮೆಯಂತೆ ತೆವಳುತ್ತಿದ್ದರೆ ಅಲ್ಲಿ ದಟ್ಟಣೆಯಿದೆಯೆಂದು ಯಂತ್ರ ನಿರ್ಣಯಿಸುತ್ತದೆ. ಈ ನಿರ್ಣಯ ಎಷ್ಟು ಪರೋಕ್ಷವಾದುದೆಂಬುದಕ್ಕೆ ೨೦೨೦ರಲ್ಲಿ ಬೆಳಕಿಗೆ ಬಂದ ಒಂದು ಪ್ರಯೋಗ ಸಾಕ್ಷಿ. ಜರ್ಮನಿಯ ಕಲಾವಿದ ಸೈಮನ್ ವೆಕರ್ಟ್ ೯೯ ಫೋನುಗಳನ್ನು ಒಂದು ಕೈಗಾಡಿಯಲ್ಲಿ ಹಾಕಿಕೊಂಡು ಬರ್ಲಿನ್ ನಗರದ ಬರಿದಾದ ಬೀದಿಯಲ್ಲಿ ಮೆಲ್ಲನೆ ಎಳೆದುಕೊಂಡು ಹೋದನು. ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. ಯಂತ್ರ ಕಂಡದ್ದು ಫೋನುಗಳನ್ನು, ವಾಹನಗಳನ್ನಲ್ಲ.

ರಸ್ತೆಗಳ ಈ ಸುದ್ದಿ ದೊರೆತ ಬಳಿಕ ದಾರಿಯನ್ನು ಆರಿಸುವುದು ಗಣಿತದ ಕೆಲಸ. ಕೂಡುರಸ್ತೆಗಳನ್ನು ಬಿಂದುಗಳೆಂದೂ, ನಡುವಣ ರಸ್ತೆಗಳನ್ನು ಗೆರೆಗಳೆಂದೂ ಭಾವಿಸಿ, ಪ್ರತಿಯೊಂದು ಗೆರೆಗೂ ಅದನ್ನು ದಾಟಲು ಹಿಡಿಯುವ ನಿಮಿಷಗಳನ್ನು ಬರೆದರೆ, ಅತ್ಯಲ್ಪ ಕಾಲದ ದಾರಿಯನ್ನು ಕ್ರಮವಾಗಿ ಕಂಡುಹಿಡಿಯಬಹುದು. ಇದರ ವಿಧಾನವನ್ನು ನೆದರ್‌ಲ್ಯಾಂಡ್ಸಿನ ಡೈಕ್‌ಸ್ಟ್ರಾ ೧೯೫೯ರಲ್ಲಿ ಪ್ರಕಟಿಸಿದನು.

ಒಂದು ಲೆಕ್ಕ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಒಂದು ಊರಿನ ಪೇಟೆಯಿಂದ ಕಾರ್ಖಾನೆಗೆ ಪ್ರತಿದಿನ ಬೆಳಗ್ಗೆ ೨,೦೦೦ ವಾಹನಗಳು ಹೋಗುತ್ತವೆಯೆಂದು ಇಟ್ಟುಕೊಳ್ಳೋಣ. ದಾರಿಗಳು ಎರಡು. ಉತ್ತರದ ದಾರಿಯಲ್ಲಿ ಮೊದಲು ಒಂದು ಕಿರಿದಾದ ಸೇತುವೆ, ಅನಂತರ ಸುತ್ತುಬಳಸಿನ ಅಗಲವಾದ ರಸ್ತೆ. ದಕ್ಷಿಣದ ದಾರಿಯಲ್ಲಿ ಮೊದಲು ಅಂತಹುದೇ ಅಗಲವಾದ ರಸ್ತೆ, ಅನಂತರ ಕಿರಿದಾದ ಸೇತುವೆ. ಅಗಲವಾದ ರಸ್ತೆಗೆ ಯಾವಾಗಲೂ ೫೦ ನಿಮಿಷ. ಸೇತುವೆಯನ್ನು ದಾಟಲು ಬೇಕಾಗುವ ನಿಮಿಷಗಳು ವಾಹನಗಳ ಸಂಖ್ಯೆಯನ್ನು ೫೦ರಿಂದ ಭಾಗಿಸಿದಷ್ಟು. ಎರಡು ದಾರಿಗಳೂ ಸಮಾನವಾದುದರಿಂದ ಒಂದೊಂದರಲ್ಲಿ ೧,೦೦೦ ವಾಹನಗಳು ಹೋಗುತ್ತವೆ. ಪ್ರತಿಯೊಬ್ಬನಿಗೂ ೨೦ + ೫೦, ಅಂದರೆ ೭೦ ನಿಮಿಷ ಹಿಡಿಯುತ್ತದೆ.

ಈಗ ಮೊದಲ ಸೇತುವೆಯ ಕೊನೆಯಿಂದ ಎರಡನೆಯ ಸೇತುವೆಯ ಮೊದಲಿಗೆ ಒಂದು ಒಳದಾರಿ ದೊರೆಯಿತೆನ್ನೋಣ. ಅದು ಮನೆಗಳ ನಡುವಣ ಬೀದಿ. ದಾಟಲು ೨ ನಿಮಿಷ ಸಾಕು. ಇದನ್ನು ಮೊದಲು ಹಿಡಿದವನು ಸುಮಾರು ೨೦ + ೨ + ೨೦, ಅಂದರೆ ೪೨ ನಿಮಿಷಗಳಲ್ಲಿ ಕಾರ್ಖಾನೆ ಸೇರುತ್ತಾನೆ. ಫೋನು ಈ ದಾರಿಯನ್ನು ಎಲ್ಲರಿಗೂ ತೋರಿಸುತ್ತದೆ. ಎಲ್ಲರೂ ಅಲ್ಲಿಗೇ ತಿರುಗಿದಾಗ ಒಂದೊಂದು ಸೇತುವೆಯ ಮೇಲೂ ೨,೦೦೦ ವಾಹನಗಳಾಗಿ ೪೦ ನಿಮಿಷ ಹಿಡಿಯುತ್ತದೆ. ಒಟ್ಟು ೪೦ + ೨ + ೪೦, ಅಂದರೆ ೮೨ ನಿಮಿಷ! ಹೊಸ ದಾರಿ ಬಂದು ಪ್ರತಿಯೊಬ್ಬನಿಗೂ ೧೨ ನಿಮಿಷ ನಷ್ಟವಾಯಿತು. ಹಾಗಾದರೆ ಯಾರಾದರೂ ಹಳೆಯ ದಾರಿಗೆ ಮರಳಬಾರದೆ? ಮರಳಿದರೆ ಅವನಿಗೆ ೪೦ + ೫೦, ಅಂದರೆ ೯೦ ನಿಮಿಷ. ಆದುದರಿಂದ ಒಬ್ಬನೂ ಮರಳುವುದಿಲ್ಲ. ಪ್ರತಿಯೊಬ್ಬನೂ ತನಗೆ ಲಾಭದಾಯಕವಾದುದನ್ನೇ ಆರಿಸಿದರೂ ಎಲ್ಲರಿಗೂ ಹಾನಿಯಾಗಬಹುದೆಂಬ ಈ ವಿರೋಧಾಭಾಸವನ್ನು ಜರ್ಮನಿಯ ಗಣಿತಜ್ಞ ಡೀಟ್ರಿಖ್ ಬ್ರೆಸ್ ೧೯೬೮ರಲ್ಲಿ ತೋರಿಸಿಕೊಟ್ಟನು.

ನಮಗೆ ತಿಳಿಯಬೇಕಾದುದು

ಇಲ್ಲಿ ಫೋನು ಸುಳ್ಳು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಕೇಳಿದವನಿಗೆ ಅದು ತೋರಿಸಿದ ದಾರಿ ಕಡೆಯವರೆಗೂ ಉಳಿದ ದಾರಿಗಳಿಗಿಂತ ಬೇಗನೆ ಮುಟ್ಟಿಸುವಂಥದೇ. ಅದಕ್ಕೆ ಕೇಳಿದ ಪ್ರಶ್ನೆ “ನನಗೆ ಯಾವುದು ಬೇಗ?” ಎಂಬುದೇ ಹೊರತು “ಊರಿಗೆ ಯಾವುದು ಒಳ್ಳೆಯದು?” ಎಂಬುದಲ್ಲ. ಒಳದಾರಿಯ ಬೀದಿಯಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳಿರಬಹುದು, ರಸ್ತೆ ದಾಟಲು ಕಾದಿರುವ ಮುದುಕರಿರಬಹುದು, ಆಸ್ಪತ್ರೆಯ ಕಡೆಗೆ ಧಾವಿಸುವ ಆಂಬ್ಯುಲೆನ್ಸ್ ಸೇತುವೆಯ ಮೇಲೆ ಸಿಕ್ಕಿಕೊಂಡಿರಬಹುದು. ಮೇಲ್ಕಂಡ ಲೆಕ್ಕದಲ್ಲಿ ಇವು ಯಾವುವೂ ಸೇರಿಲ್ಲ. ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದವರು ಪೌರರೂ ಪೌರಾಡಳಿತವೂ.

ರಸ್ತೆಗಳನ್ನು ಹೆಚ್ಚಿಸುವುದೊಂದೇ ಪರಿಹಾರವಲ್ಲವೆಂಬುದಕ್ಕೆ ದಕ್ಷಿಣ ಕೊರಿಯದ ಸೋಲ್ ನಗರ ನಿದರ್ಶನ. ಅಲ್ಲಿ ಚಂಗ್ಯೆಚನ್ ತೊರೆಯನ್ನು ಮುಚ್ಚಿ ಅದರ ಮೇಲೆ ಎತ್ತರದ ಹೆದ್ದಾರಿಯನ್ನು ಕಟ್ಟಿದ್ದರು. ೨೦೦೩ರಲ್ಲಿ ಅದನ್ನು ಕೆಡವಲು ಆರಂಭಿಸಿ, ೨೦೦೫ರಲ್ಲಿ ತೊರೆಯನ್ನು ಮತ್ತೆ ಜನರಿಗೆ ತೆರೆದುಕೊಟ್ಟರು. ಹೆದ್ದಾರಿ ಹೋದರೆ ಸಂಚಾರವೇ ನಿಂತುಹೋಗುವುದೆಂದು ಹೆದರಿದಷ್ಟು ಅನಾಹುತವೇನೂ ಆಗಲಿಲ್ಲ. ಅದೇ ಕಾಲದಲ್ಲಿ ಬಸ್ಸುಗಳ ವ್ಯವಸ್ಥೆಯನ್ನು ಉತ್ತಮಗೊಳಿಸಿದುದೂ ಇದಕ್ಕೆ ನೆರವಾಯಿತು. ಬೆಂಗಳೂರಿನಲ್ಲಿ ೨೦೧೧ರ ಅಕ್ಟೋಬರ್ ೨೦ರಂದು ಆರಂಭವಾದ ಮೆಟ್ರೋ ರೈಲನ್ನೂ ಬಸ್ಸನ್ನೂ ಹತ್ತುವವನು ತಾನು ಸೇರಬೇಕಾದಲ್ಲಿಗೆ ಸೇರುವುದಲ್ಲದೆ, ಸೇತುವೆಯ ಮೇಲಿನ ಒಂದು ವಾಹನವನ್ನು ಕಡಿಮೆ ಮಾಡಿ ಉಳಿದವರಿಗೂ ಉಪಕಾರ ಮಾಡುತ್ತಾನೆ.

ವಿದ್ಯಾರ್ಥಿಗಳು ಮೇಲಿನ ಲೆಕ್ಕವನ್ನು ೨,೦೦೦ಕ್ಕೆ ಬದಲಾಗಿ ೧,೦೦೦ ವಾಹನಗಳಿಗೆ ಮಾಡಿ ನೋಡಲಿ. ಆಗ ಒಳದಾರಿಯಿಲ್ಲದೆ ೬೦ ನಿಮಿಷ, ಒಳದಾರಿಯಿಂದ ೪೨ ನಿಮಿಷ. ಅದೇ ದಾರಿ ಈಗ ಉಪಕಾರಿ. ಲಾಭ ನಷ್ಟವಾಗಿ ತಿರುಗುವ ಸಂಖ್ಯೆ ೧,೬೦೦. ಅದು ಹೇಗೆ ಬಂದಿತೆಂಬುದನ್ನು ಒಂದು ಸರಳ ಸಮೀಕರಣದಿಂದ ಕಂಡುಕೊಳ್ಳಬಹುದು. ರಸ್ತೆಯೊಂದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ರಸ್ತೆಯನ್ನಷ್ಟೇ ನೋಡಿ ಹೇಳಲಾಗದು; ಅದರಲ್ಲಿ ಎಷ್ಟು ಜನ ಹೇಗೆ ಸಂಚರಿಸುತ್ತಾರೆಂಬುದನ್ನೂ ನೋಡಬೇಕು.